ದಾವಣಗೆರೆ: ಮೆಕ್ಕೆಜೋಳ ಲಾರಿ ಹತ್ತುತ್ತೆ, ಮಕ್ಕಳು ಬಸ್ ಹತ್ತುತ್ತಾರೆ

ಭಾನುವಾರ ರಾತ್ರಿ ಹತ್ತು ಗಂಟೆ ಮೇಲೆ ದಾವಣಗೆರೆ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ, ಬೆಂಗಳೂರು ಬಸ್ಸಿನ ಮುಂದೆ ಬ್ಯಾಗ್ ಹಾಕ್ಕೊಂಡು ನಿಂತಿರೋ ಹುಡುಗ್ರು ಹುಡುಗೀರ ದೊಡ್ಡ ಸಾಲೇ ಇರುತ್ತೆ. ಹೆಗಲಿಗೆ ಲ್ಯಾಪ್‌ಟಾಪು, ಕೈಲಿ ಅಮ್ಮ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿಪುಡಿ, ಒಂದು ಕವರ್ ಖಾರ ಮಂಡಕ್ಕಿ. ಬೆಳಗಿನ ಜಾವ ಯಶವಂತಪುರದಲ್ಲೋ ಮೆಜೆಸ್ಟಿಕ್ಕಲ್ಲೋ ಇಳಿದು ಪಿಜಿಗೆ ಹೋಗಿ ಸ್ನಾನ ಮುಗಿಸ್ಕೊಂಡು ಒಂಬತ್ತಕ್ಕೆ ಆಫೀಸಲ್ಲಿ ಇರಬೇಕು. ಅದೇ ಹೊತ್ತಿಗೆ ಊರ ಹೊರಗಿನ ಹೈವೇಲಿ, ಸುಗ್ಗಿ ಕಾಲ ಆಗಿದ್ರೆ, ಮೆಕ್ಕೆಜೋಳದ ಚೀಲ ಹೇರಿದ ಲಾರಿಗಳು ಅದೇ ದಿಕ್ಕಿಗೆ ಹೊರಟಿರ್ತವೆ, ಬೆಂಗಳೂರು ದಾಟಿ ತಮಿಳುನಾಡಿನ ನಾಮಕ್ಕಲ್ ಕಡೆಯ ಕೋಳಿ ಫಾರಂಗಳಿಗೆ. ನಮ್ಮೂರಿನ ಆರ್ಥಿಕತೆ ಏನು ಅಂತ ಯಾರಾದ್ರೂ ಕೇಳಿದ್ರೆ ನನಗೆ ಮೊದಲು ಕಣ್ಣಿಗೆ ಬರೋದು ಈ ಎರಡು ಸಾಲೇ. ಬೆಳೆಯೋದು ಇಲ್ಲಿ, ಬೆಲೆ ಬರೋದು ಬೇರೆ ಊರಲ್ಲಿ.

ಊರು ಅಷ್ಟು ಚಿಕ್ಕದೇನಲ್ಲ. 2011ರ ಜನಗಣತಿಲೇ ನಾಲ್ಕು ಲಕ್ಷ ಮೂವತ್ತೈದು ಸಾವಿರದ ಹತ್ತಿರ ಇತ್ತು, ಈಗ ಅದಕ್ಕಿಂತ ಎಷ್ಟೋ ಜಾಸ್ತಿ ಅಂತ ಹೊಸ ಬಡಾವಣೆಗಳನ್ನ ನೋಡಿದ್ರೇ ಗೊತ್ತಾಗುತ್ತೆ. 1997ರಲ್ಲಿ ಜೆ.ಎಚ್. ಪಟೇಲರು ಮುಖ್ಯಮಂತ್ರಿ ಇದ್ದಾಗ ಜಿಲ್ಲಾ ಕೇಂದ್ರ ಆಯ್ತು, 2007ರಲ್ಲಿ ಮಹಾನಗರ ಪಾಲಿಕೆ ಆಯ್ತು, 2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿ ಲಿಸ್ಟಲ್ಲಿ ಕರ್ನಾಟಕದಿಂದ ಬಂದಿದ್ದು ಎರಡೇ ಎರಡು, ಬೆಳಗಾವಿ ಮತ್ತು ನಮ್ಮದು. ಬೆಂಗಳೂರಿಗೆ 260 ಕಿಲೋಮೀಟರ್ ಆಸುಪಾಸು, ಹುಬ್ಬಳ್ಳಿಗೆ ಅದರ ಅರ್ಧದಷ್ಟು. ವಂದೇ ಭಾರತ್ ನಿಲ್ಲುತ್ತೆ, ಆರು ಪಥದ ಹೈವೇ ಇದೆ. ಅಂದ್ರೆ ರಸ್ತೆ ಇಲ್ಲ, ರೈಲಿಲ್ಲ, ಅದಕ್ಕೇ ಊರು ಬೆಳೀಲಿಲ್ಲ ಅನ್ನೋ ಹಾಗಿಲ್ಲ. ಹಾಗಾದ್ರೆ ತೊಂದ್ರೆ ಎಲ್ಲಿದೆ ಅಂತ ಹುಡುಕೋಕೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

ಇದು ಮೊದಲಿಂದಲೂ ವ್ಯಾಪಾರದ ಊರು. ಹೈದರಾಲಿ ಕಾಲದಲ್ಲಿ ಅಪ್ಪಾಜಿರಾಮ ಅನ್ನೋ ಮರಾಠಾ ಸರದಾರನಿಗೆ ಈ ಊರು ಜಹಗೀರಾಗಿ ಸಿಕ್ತು, ಅವನು ಸುತ್ತಲಿನ ವರ್ತಕರನ್ನ ಕರೆದು ಇಲ್ಲಿ ನೆಲೆ ನಿಲ್ಲಿಸಿದ ಅಂತ ಹಳೇ ಗೆಜೆಟಿಯರಲ್ಲೇ ಇದೆ. ಮಲೆನಾಡಿನ ಅಡಿಕೆ ಬಯಲುಸೀಮೆಗೆ ಹೋಗೋಕೂ ಬಯಲಿನ ಹತ್ತಿ, ಕಂಬಳಿ, ಕಾಳುಕಡಿ ಮಲೆನಾಡಿಗೆ ಹೋಗೋಕೂ ನಡುವೆ ಒಂದು ಸಂತೆ ಬೇಕಿತ್ತು, ಆ ಸಂತೆಯೇ ಊರಾಯ್ತು. ಹತ್ತೊಂಬತ್ತನೇ ಶತಮಾನದ ಕೊನೆಗೆ ರೈಲು ಬಂದ ಮೇಲೆ ಮಂಡಿಪೇಟೆ, ಚೌಕಿಪೇಟೆ ಇನ್ನೂ ದಟ್ಟ ಆದ್ವು. ಇವತ್ತಿಗೂ ಮಂಡಿಪೇಟೆ ಒಳಗೆ ನಡೆದ್ರೆ ಹಳೇ ದಲಾಲಿ ಅಂಗಡಿಗಳ ಉದ್ದುದ್ದ ಪಡಸಾಲೆ, ಗಾದಿ, ತಕ್ಕಡಿ ಕಾಣುತ್ತೆ. ವ್ಯಾಪಾರದ ದುಡ್ಡು ಕೈಲಿದ್ದ ಜನ 1930ರ ದಶಕದಲ್ಲಿ ಒಂದು ಧೈರ್ಯದ ಕೆಲಸ ಮಾಡಿದ್ರು. ಹತ್ತೀನ ಬೊಂಬಾಯಿಗೆ ಕಳಿಸೋ ಬದಲು ಇಲ್ಲೇ ನೂಲು ತೆಗೀತೀವಿ ಅಂತ ದಾವಣಗೆರೆ ಕಾಟನ್ ಮಿಲ್ ಕಟ್ಟಿದ್ರು. ಅದಾದ್ಮೇಲೆ ಒಂದರ ಹಿಂದೆ ಒಂದು ಮಿಲ್ ಎದ್ದವು. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರು ಬಂದಿದ್ದು ಆಗ.

ನಮ್ಮ ತಾತ ಒಂದು ಮಿಲ್ಲಲ್ಲಿ ಮೂವತ್ತು ವರ್ಷ ಪಾಳಿ ಕೆಲಸ ಮಾಡ್ದೋರು. ಮನೇಲಿ ಗಡಿಯಾರ ಇರ್ಲಿಲ್ವಂತೆ, ಮಿಲ್ ಕೂಗು ಕೇಳಿದ್ರೆ ಒಲೆ ಹಚ್ಚೋದು, ಇನ್ನೊಂದು ಕೂಗಿಗೆ ಬುತ್ತಿ ಕಟ್ಟೋದು, ಮೂರನೇದಕ್ಕೆ ಮಕ್ಕಳನ್ನ ಸ್ಕೂಲಿಗೆ ಕಳಿಸೋದು. ಅಜ್ಜಿ ಇದನ್ನ ಹೇಳ್ವಾಗ ಮಿಲ್ಲಿನ ದಿಕ್ಕಿಗೇ ಕೈ ತೋರಿಸ್ತಿದ್ರು. ಹತ್ತಿ ಧೂಳಿಂದ ತಾತಂಗೆ ಕೊನೆವರೆಗೂ ಕೆಮ್ಮು ಬಿಡ್ಲಿಲ್ಲ, ಅದನ್ನೂ ಹೇಳ್ಬೇಕು, ಮಿಲ್ ಕಾಲ ಅಂದ್ರೆ ಬರೀ ಸುಖದ ಕಾಲ ಅಂತ ನಾನು ಹೇಳ್ತಿಲ್ಲ. ಆದ್ರೆ ತಿಂಗಳ ಪಗಾರ ಇತ್ತು, ಪಿಎಫ್ ಇತ್ತು, ಬೋನಸ್ಸಿಗೆ ಜಗಳ ಆಡೋಕೆ ಯೂನಿಯನ್ ಇತ್ತು. ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು 1978ರಿಂದ ಸತತ ಮೂರು ಸಲ ಇಲ್ಲಿಂದ ಶಾಸಕರಾಗಿ ಗೆದ್ರು ಅಂದ್ರೆ ಮಿಲ್ ಕಾರ್ಮಿಕರು ಈ ಊರಲ್ಲಿ ಎಷ್ಟು ಜನ ಇದ್ರು, ಎಷ್ಟು ಒಗ್ಗಟ್ಟಲ್ಲಿದ್ರು ಅನ್ನೋದು ಅರ್ಥ ಆಗುತ್ತೆ. ಎಸ್ಸೆಸ್ಸೆಲ್ಸಿ ಫೇಲಾದೋರಿಗೂ ಊರಲ್ಲೇ ಮರ್ಯಾದೆಯಿಂದ ಬದುಕೋಕೆ ಒಂದು ದಾರಿ ಇತ್ತು, ನನ್ನ ಪ್ರಕಾರ ಮಿಲ್ಲುಗಳು ಊರಿಗೆ ಕೊಟ್ಟಿದ್ದರಲ್ಲಿ ದೊಡ್ಡದು ಇದು.

ಎಂಬತ್ತರ ದಶಕದಿಂದ ಅದು ಕುಸೀತಾ ಬಂತು. ಒಂದೇ ಕಾರಣ ಹೇಳೋಕಾಗಲ್ಲ. ಯಂತ್ರಗಳು ಹಳೇವಾದ್ವು, ಲಾಭ ಬಂದಾಗ ಹೊಸದು ಹಾಕ್ಲಿಲ್ಲ. ದೇಶದಾದ್ಯಂತ ಪವರ್‌ಲೂಮ್‌ಗಳು ಕಡಿಮೆ ಕೂಲಿಲಿ ಬಟ್ಟೆ ನೇಯ್ತಾ ಬಂದ್ವು, ದೊಡ್ಡ ಮಿಲ್ಲುಗಳು ಎಲ್ಲಾ ಕಡೆನೂ ಸೋತ್ವು. ಕರೆಂಟ್ ಕಟ್ಟು ಬೇರೆ. ಇವೆಲ್ಲದರ ಜೊತೆ ಊರಿನ ಸುತ್ತಲಿನ ಹೊಲಾನೇ ಬದಲಾಯ್ತು, ಈ ವಿಷಯ ಯಾರೂ ಅಷ್ಟಾಗಿ ಮಾತಾಡಲ್ಲ. ಭದ್ರಾ ಡ್ಯಾಂ ಅರವತ್ತರ ದಶಕದಲ್ಲಿ ಮುಗಿದು ಚಾನಲ್ ನೀರು ಬಂದ ಮೇಲೆ ಹತ್ತಿ ಬೆಳೀತಿದ್ದ ಎರೆಭೂಮಿ ಗದ್ದೆ ಆಯ್ತು, ನೀರು ಬರದ ಕಡೆ ಕಾಯಿಕೊರಕದ ಕಾಟಕ್ಕೆ, ಔಷಧಿ ಖರ್ಚಿಗೆ ಬೇಸತ್ತು ರೈತರು ಮೆಕ್ಕೆಜೋಳಕ್ಕೆ ತಿರುಗಿದ್ರು. ಹತ್ತಿ ಸುತ್ತ ಹುಟ್ಟಿದ ಊರಿನ ಸುತ್ತ ಹತ್ತೀನೇ ಕಡಿಮೆ ಆಯ್ತು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾಗಿದ್ದ ಮೈಸೂರು ಕಿರ್ಲೋಸ್ಕರ್, ಲೇಥ್ ಮಷಿನ್ನಿಗೆ ದೇಶದಲ್ಲೇ ಹೆಸರಿದ್ದ ಕಂಪನಿ, ಅದೂ 2000ದ ಆಸುಪಾಸಲ್ಲಿ ಬಾಗಿಲು ಹಾಕ್ತು. ಅವಳಿ ಊರುಗಳ ಎರಡೂ ಕಾರ್ಖಾನೆ ಬುನಾದಿ ಇಪ್ಪತ್ತು ವರ್ಷದೊಳಗೆ ಹೋಯ್ತು. ಈಗ ದಾವಣಗೆರೆ ಕಾಟನ್ ಮಿಲ್ಲಿನ ನೆನಪಿಗೆ ಡಿಸಿಎಂ ಅಂತ ಒಂದು ಬಡಾವಣೆ ಹೆಸರು, ಒಂದು ರೈಲ್ವೆ ಸೇತುವೆ ಹೆಸರು ಉಳಿದಿದೆ, ಡಿಸಿಎಂ ಅಂದ್ರೆ ಉಪಮುಖ್ಯಮಂತ್ರಿ ಇರಬೇಕು ಅಂದ್ಕೊಂಡಿರೋ ಹುಡುಗ್ರನ್ನ ನಾನೇ ನೋಡಿದೀನಿ.

ಇಷ್ಟೆಲ್ಲ ಆದ್ರೂ ಊರು ಯಾಕೆ ಸಾಯ್ಲಿಲ್ಲ? ಕಾಲೇಜುಗಳಿಂದ. 1951ರಲ್ಲೇ ಇಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜ್ ಶುರುವಾಗಿತ್ತು, ದಾನ ಕೊಟ್ಟ ಬ್ರಹ್ಮಪ್ಪ ದೇವೇಂದ್ರಪ್ಪ ತವನಪ್ಪನವರ ಹೆಸರಲ್ಲಿ, ಈಗಿನ ಯುಬಿಡಿಟಿ. ಮೈಸೂರು ಸಂಸ್ಥಾನದ ಭಾಗದಲ್ಲಿ ಬೆಂಗಳೂರು, ಮೈಸೂರು ಬಿಟ್ಟು ಇಂಥ ಊರಲ್ಲಿ ಆ ಕಾಲಕ್ಕೆ ಇಂಜಿನಿಯರಿಂಗ್ ಕಾಲೇಜು ಬಂದಿದ್ದು ಸಣ್ಣ ಮಾತಲ್ಲ. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ ಹುಟ್ಟಿತು, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜ್ ಬಂತು, 1979ರಲ್ಲಿ ಒಂದೇ ವರ್ಷಕ್ಕೆ ಡೆಂಟಲ್ ಕಾಲೇಜು, ಬಿಐಇಟಿ ಇಂಜಿನಿಯರಿಂಗ್ ಕಾಲೇಜು ಎರಡೂ ಬಂದ್ವು. ಗಮನಿಸಿ, ಮಿಲ್ಲುಗಳು ಸೊರಗೋಕೆ ಶುರುವಾದ ಹೊತ್ತು, ಕಾಲೇಜುಗಳು ದೊಡ್ಡದಾದ ಹೊತ್ತು ಹತ್ತತ್ರ ಒಂದೇ. ಊರಿನ ವರ್ತಕರ ದುಡ್ಡು, ಮಠಗಳ ಬೆಂಬಲ, ರಾಜಕೀಯದ ಬಲ ಮೂರೂ ನೂಲಿನಿಂದ ಸೀಟಿನ ಕಡೆ ತಿರುಗಿದ್ವು. ಆಮೇಲೆ ಇನ್ನೊಂದು ಡೆಂಟಲ್ ಕಾಲೇಜು, 2001ರಲ್ಲಿ ಜಿಎಂಐಟಿ, 2006ರಲ್ಲಿ ಎರಡನೇ ಮೆಡಿಕಲ್ ಕಾಲೇಜು, 2009ರಲ್ಲಿ ತೋಳಹುಣಸೆ ಹತ್ರ ದಾವಣಗೆರೆ ವಿಶ್ವವಿದ್ಯಾಲಯ. ಐದು ಲಕ್ಷದ ಆಸುಪಾಸಿನ ಊರಿಗೆ ಎರಡು ಮೆಡಿಕಲ್ಲು, ಎರಡು ಡೆಂಟಲ್ಲು, ನಾಲ್ಕೈದು ಇಂಜಿನಿಯರಿಂಗ್ ಕಾಲೇಜು, ಲೆಕ್ಕ ಇಲ್ಲದಷ್ಟು ಪಿಯು ಕಾಲೇಜು. ರಾಜ್ಯದಲ್ಲಿ ಇದೇ ಗಾತ್ರದ ಊರುಗಳಲ್ಲಿ ಇಷ್ಟು ಸಿಗೋದು ಕಷ್ಟ.

ಎಂಬತ್ತರ ದಶಕದಲ್ಲಿ ಡೆಲ್ಲಿ, ಬಿಹಾರ, ಯುಪಿ, ಕೇರಳದ ಹುಡುಗ್ರು ಸೀಟಿಗಾಗಿ ಇಲ್ಲಿಗೆ ಬರ್ತಿದ್ರು, ಪಿ.ಜೆ. ಬಡಾವಣೆ, ಎಂಸಿಸಿ ಬ್ಲಾಕ್ ಕಡೆ ಮನೆ ಇದ್ದೋರೆಲ್ಲ ಒಂದೊಂದು ರೂಂ ಬಾಡಿಗೆಗೆ ಬಿಟ್ರು. ಡೊನೇಷನ್ ಹಾವಳಿ ಎಷ್ಟಿತ್ತಂದ್ರೆ 1984ರಲ್ಲಿ ಸರ್ಕಾರ ಕ್ಯಾಪಿಟೇಷನ್ ಫೀ ನಿಷೇಧ ಕಾಯ್ದೆ ತರಬೇಕಾಯ್ತು, 1993ರಲ್ಲಿ ಸುಪ್ರೀಂ ಕೋರ್ಟಿನ ಉನ್ನಿಕೃಷ್ಣನ್ ತೀರ್ಪಾದ ಮೇಲೆ ಸಿಇಟಿ ಬಂದು ಹಳ್ಳಿ ಹುಡುಗ್ರಿಗೂ ಮೆರಿಟ್ ಮೇಲೆ ಸೀಟು ಸಿಗೋ ಹಾಗಾಯ್ತು. ಇದನ್ನ ನಾನು ಒತ್ತಿ ಹೇಳ್ತೀನಿ, ಯಾಕಂದ್ರೆ ನಮ್ಮ ಮನೇಲಿ ಮೊದಲ ಇಂಜಿನಿಯರ್ ಆಗಿದ್ದು ನಮ್ಮ ಚಿಕ್ಕಪ್ಪ, ಮಿಲ್ ಕಾರ್ಮಿಕನ ಮಗ, ಸಿಇಟಿ ಸೀಟು, ಮನೆಯಿಂದ ಸೈಕಲ್ಲಲ್ಲಿ ಕಾಲೇಜು. ಊರಲ್ಲೇ ಕಾಲೇಜು ಇಲ್ದಿದ್ರೆ ಹಾಸ್ಟೆಲ್ ದುಡ್ಡು ಹೊಂದಿಸೋಕಾಗದೆ ಅವರು ಐಟಿಐಗೇ ನಿಲ್ಲಬೇಕಿತ್ತು. ಇದೇ ಮಾತು ಹೆಣ್ಣುಮಕ್ಕಳಿಗೆ ಇನ್ನೂ ಹೆಚ್ಚು ಅನ್ವಯಿಸುತ್ತೆ. 2023ರ ಜೂನಿಂದ ಶಕ್ತಿ ಯೋಜನೆ ಫ್ರೀ ಬಸ್ ಬಂದ್ಮೇಲೆ ಬೆಳಗ್ಗೆ ಜಗಳೂರು, ಮಾಯಕೊಂಡ, ಆನಗೋಡು ಕಡೆಯಿಂದ ಬರೋ ಬಸ್ಸಲ್ಲಿ ಕಾಲೇಜ್ ಹುಡುಗೀರೇ ತುಂಬಿರ್ತಾರೆ, ಪಾಸಿನ ದುಡ್ಡಿಗೂ ಅಪ್ಪನ ಮುಖ ನೋಡಬೇಕಿದ್ದ ಮನೆಗಳಿಂದ ಬರೋರು ಅವರು.

ಕಾಲೇಜಿಂದ ಬದುಕೋರು ಬರೀ ಕಾಲೇಜಲ್ಲಿ ಕೆಲಸ ಮಾಡೋರಲ್ಲ. ಪಿಜಿ ನಡೆಸೋರು, ಮೆಸ್ ನಡೆಸೋರು, ಜೆರಾಕ್ಸ್ ಅಂಗಡಿ, ಟ್ಯೂಷನ್, ಆಟೋ, ಮೆಡಿಕಲ್ ಶಾಪು, ಬೀದಿ ಬದಿ ಎಗ್‌ರೈಸ್. ಜೊತೆಗೆ ಆಸ್ಪತ್ರೆ. ರಾಣೆಬೆನ್ನೂರು, ಹರಪನಹಳ್ಳಿ, ಚಿತ್ರದುರ್ಗ, ಹೊಸದುರ್ಗ ಕಡೆಯಿಂದ ದೊಡ್ಡ ಕಾಯಿಲೆ ಅಂದ್ರೆ ಜನ ದಾವಣಗೆರೆಗೇ ಬರೋದು. ಹರಪನಹಳ್ಳಿ ನಮ್ಮ ಜಿಲ್ಲೆ ಬಿಟ್ಟು ಹೋಗಿ ವರ್ಷಗಳೇ ಆದ್ರೂ ಅಲ್ಲಿನೋರು ಆಸ್ಪತ್ರೆಗೆ ಇನ್ನೂ ಇಲ್ಲಿಗೇ ಬರ್ತಾರೆ, ಜಿಲ್ಲೆ ಗಡಿ ಬದಲಾದ ಮಾತ್ರಕ್ಕೆ ಜನರ ಕಾಲ್ದಾರಿ ಬದಲಾಗಲ್ಲ. ಆದ್ರೆ ಒಂದು ಕೊರತೆ ಎದ್ದು ಕಾಣುತ್ತೆ, ಇಷ್ಟು ಮೆಡಿಕಲ್ ಸೀಟಿರೋ ಊರಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜ್ ಅನ್ನೋದು ಇಷ್ಟು ವರ್ಷ ಬೇಡಿಕೆಯಾಗೇ ಉಳೀತು. ಚಿಗಟೇರಿ ಜಿಲ್ಲಾಸ್ಪತ್ರೆ ಇದೆ, ಖಾಸಗಿ ಕಾಲೇಜಿನ ವಿದ್ಯಾರ್ಥಿಗಳು ಅಲ್ಲೇ ಕಲೀತಾರೆ, ಆದ್ರೆ ಸರ್ಕಾರಿ ಫೀಸಲ್ಲಿ ಡಾಕ್ಟರ್ ಆಗ್ಬೇಕು ಅನ್ನೋ ಇಲ್ಲಿನ ಹುಡುಗಿ ಶಿವಮೊಗ್ಗಕ್ಕೋ ಚಿತ್ರದುರ್ಗಕ್ಕೋ ಹೋಗ್ಬೇಕು.

ಈಗ ಈ ಕಾಲೇಜು ಆರ್ಥಿಕತೆಗೂ ಹೊಡೆತ ಬೀಳೋ ಲಕ್ಷಣ ಕಾಣ್ತಿದೆ. 2024-25ರಿಂದ ತಾಂತ್ರಿಕ ಶಿಕ್ಷಣ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ ಎಐಸಿಟಿಇ ಇಂಜಿನಿಯರಿಂಗ್ ಕಾಲೇಜುಗಳ ಸೀಟಿಗಿದ್ದ ಮಿತಿ ತೆಗೀತು, ಸೌಕರ್ಯ ಇದೆ ಅಂತ ತೋರಿಸಿದ್ರೆ ಒಳ್ಳೇ ಕಾಲೇಜುಗಳು ಎಷ್ಟು ಬೇಕಾದ್ರೂ ಸೀಟು ಕೇಳಬಹುದು. ಕೇಳೋರು ಯಾರು? ಬೆಂಗಳೂರಿನ ದೊಡ್ಡ ಕಾಲೇಜುಗಳು. ಕೇಳೋದು ಯಾವ ಬ್ರಾಂಚು? ಕಂಪ್ಯೂಟರ್ ಸೈನ್ಸು ಮತ್ತು ಅದರ ಅಣ್ಣತಮ್ಮಂದಿರು, ಎಐ, ಡೇಟಾ ಸೈನ್ಸ್. ಮೊದಲು ಬೆಂಗಳೂರಲ್ಲಿ ಸಿಎಸ್ ಸಿಗದೇ ಇದ್ದ ಹುಡುಗ ಅಥವಾ ಹುಡುಗಿ ದಾವಣಗೆರೆಗೋ ಹಾಸನಕ್ಕೋ ತುಮಕೂರಿಗೋ ಬರ್ತಿದ್ರು, ಈಗ ಅದೇ ರ್‍ಯಾಂಕಿಗೆ ಬೆಂಗಳೂರಲ್ಲೇ ಸೀಟು ಸಿಕ್ರೆ ಯಾಕೆ ಬರ್ತಾರೆ, ಓದೋವಾಗ್ಲೇ ಇಂಟರ್ನ್‌ಶಿಪ್ ಸಿಗುತ್ತೆ, ಕಂಪನಿ ಕ್ಯಾಂಪಸ್ಸಿಗೇ ಬರುತ್ತೆ. ಅಲ್ಲಿಗೆ ಊರು ಬಿಡೋ ವಯಸ್ಸು ಇಪ್ಪತ್ತೆರಡರಿಂದ ಹದಿನೆಂಟಕ್ಕೆ ಇಳೀತು. ನಾಲ್ಕು ವರ್ಷ ಇಲ್ಲಿ ರೂಂ ಬಾಡಿಗೆ ಕೊಟ್ಟು, ಮೆಸ್ಸಲ್ಲಿ ಉಂಡು, ಸಂಜೆ ಬೆಣ್ಣೆದೋಸೆ ತಿನ್ನಬೇಕಿದ್ದ ಹುಡುಗ್ರ ದುಡ್ಡು ಮೊದಲ ದಿನದಿಂದ್ಲೇ ಬೆಂಗಳೂರಿಗೆ. ಇತ್ತ ಸಿವಿಲ್, ಮೆಕ್ಯಾನಿಕಲ್ ಕ್ಲಾಸುಗಳು ತೆಳ್ಳಗಾಗ್ತಾ ಇವೆ. ಲೇಥ್ ಮಷಿನ್ ಮಾಡ್ತಿದ್ದ ಹರಿಹರದ ಪಕ್ಕದಲ್ಲಿ ಮೆಕ್ಯಾನಿಕಲ್ ಓದೋಕೆ ಹುಡುಗ್ರಿಲ್ಲ ಅನ್ನೋದು ನನಗೆ ತುಂಬಾ ನೋವು ಕೊಡೋ ಮಾತು.

ಓದಿದೋರಿಗೆ ಊರಲ್ಲಿ ಏನಿದೆ ಅಂದ್ರೆ, ಪ್ರಾಮಾಣಿಕವಾಗಿ ಹೇಳ್ಬೇಕಂದ್ರೆ, ಕಡಿಮೆ. ಎಸ್‌ಟಿಪಿಐ ಅನ್ನೋ, ಸಾಫ್ಟ್‌ವೇರ್ ಕಂಪನಿಗಳಿಗೆ ಜಾಗ ಕೊಡೋ ಸರ್ಕಾರಿ ಸೆಂಟರ್ ಒಂದಿದೆ, ಕರೂರು ಕಡೆ, ಲೋಕಿಕೆರೆ ರಸ್ತೆ ಕಡೆ ಕೈಗಾರಿಕಾ ಪ್ರದೇಶ ಇದೆ, ಗಾರ್ಮೆಂಟ್ಸ್ ಇದೆ, ತುಂಗಭದ್ರೆಯ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಇರೋ ಹರಿಹರ ಪಾಲಿಫೈಬರ್ಸ್ ಇದೆ, ಅದು ಹಾವೇರಿ ಜಿಲ್ಲೆಗೆ ಸೇರಿದ್ರೂ ಹರಿಹರದ ಎಷ್ಟೋ ಮನೆ ನಡೆಯೋದು ಅದರಿಂದ. ಐಟಿ ಕೆಲಸನ ಬೆಂಗಳೂರಿನ ಆಚೆಗೂ ಹರಡೋಕೆ ರಾಜ್ಯ ಸರ್ಕಾರ ಬಿಯಾಂಡ್ ಬೆಂಗಳೂರು ಅಂತ ಶುರುಮಾಡಿದಾಗ ಮೊದಲು ಆರಿಸಿಕೊಂಡ ಕ್ಲಸ್ಟರ್‌ಗಳು ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ-ಬೆಳಗಾವಿ. ದಾವಣಗೆರೆ ಅದರಲ್ಲಿ ಇರಲಿಲ್ಲ. ಏರ್‌ಪೋರ್ಟ್ ಇಲ್ಲ ಅಂತ ಕೆಲವರು ಕಾರಣ ಹೇಳ್ತಾರೆ, ನನಗೆ ಅದು ಅಷ್ಟು ಒಪ್ಪಿಗೆ ಇಲ್ಲ. ಇಲ್ಲಿನ ಬಂಡವಾಳ ಇರೋರಿಗೆ ಸೈಟು, ಕಾಂಪ್ಲೆಕ್ಸು, ಕಲ್ಯಾಣ ಮಂಟಪ, ಇನ್ನೊಂದು ಸ್ಕೂಲು ಇಷ್ಟರಲ್ಲೇ ನಂಬಿಕೆ. 1930ರ ದಶಕದಲ್ಲಿ ಮಿಲ್ ಕಟ್ಟಿದೋರಿಗೆ ಇದ್ದ ಧೈರ್ಯ ಮೊಮ್ಮಕ್ಕಳ ಕಾಲಕ್ಕೆ ರಿಯಲ್ ಎಸ್ಟೇಟಲ್ಲಿ ಸಿಕ್ಕಿಹಾಕ್ಕೊಂಡಿದೆ.

ಇನ್ನು ಹವಾಮಾನ. ಪಶ್ಚಿಮ ಘಟ್ಟದ ಮಳೆ ನೆರಳಲ್ಲಿ ಸಮುದ್ರ ಮಟ್ಟದಿಂದ 600 ಮೀಟರ್ ಎತ್ತರದ ಬಯಲು ನಮ್ಮದು. ವರ್ಷಕ್ಕೆ ಸುಮಾರು 650 ಮಿಲಿಮೀಟರ್ ಮಳೆ, ಅದೂ ಸರಿಯಾಗಿ ಆದ ವರ್ಷ. ಮಾರ್ಚಿಂದ ಮೇವರೆಗೂ 38-40 ಡಿಗ್ರಿ ಮುಟ್ಟುತ್ತೆ, ಆಷಾಢದಲ್ಲಿ ಗಾಳಿ ಹೇಗೆ ಬೀಸುತ್ತೆ ಅಂದ್ರೆ ಅಂಗಳದಲ್ಲಿ ಒಣಹಾಕಿದ ಸಂಡಿಗೆ ಪಕ್ಕದ ಬೀದಿಲಿ ಸಿಗುತ್ತೆ. ಒಂದೇ ಜಿಲ್ಲೆಲಿ ಎರಡು ಲೋಕ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಕಡೆ ಅಡಿಕೆ ತೋಟದ ಅರೆಮಲೆನಾಡು, ಈ ಕಡೆ ಜಗಳೂರು ಕಲ್ಲುಭೂಮಿ, ಅಲ್ಲಿ ತುಂಗಭದ್ರೆಯಿಂದ ನೀರೆತ್ತಿ 57 ಕೆರೆ ತುಂಬಿಸೋ ಯೋಜನೆಯನ್ನೇ ಜನ ದೇವರ ಥರ ಕಾದ್ರು.

ದಾವಣಗೆರೆಗೆ ಮಳೆ ಎಷ್ಟಾಯ್ತು ಅನ್ನೋದಕ್ಕಿಂತ ಮಲೆನಾಡಲ್ಲಿ ಎಷ್ಟಾಯ್ತು ಅನ್ನೋದು ಮುಖ್ಯ, ಯಾಕಂದ್ರೆ ನೀರು ಹೆಚ್ಚಾಗಿ ಬರೋದು ಲಕ್ಕವಳ್ಳಿ ಭದ್ರಾ ಡ್ಯಾಂನಿಂದ. ಪೂರ್ಣ ಮಟ್ಟ 186 ಅಡಿ, ಹಿಡಿಯೋದು 71.5 ಟಿಎಂಸಿ. ಬಲದಂಡೆ ನಾಲೆ ಅಚ್ಚುಕಟ್ಟಿನ ದೊಡ್ಡ ಪಾಲು ಇರೋದು ನಮ್ಮ ಜಿಲ್ಲೇಲೇ, ಆದ್ರೆ ನಾವು ಇರೋದು ಕೊನೇ ಭಾಗದಲ್ಲಿ. ಚಾನಲ್ಲಿನ ಕೊನೇ ಭಾಗ ಅಂದ್ರೆ ಏನು ಅಂತ ಗದ್ದೆ ಇರೋರಿಗೆ ವಿವರಿಸಬೇಕಿಲ್ಲ. ಮೇಲಿನೋರ ತೋಟಕ್ಕೆ ಪಂಪ್‌ಸೆಟ್ ಎತ್ತುತ್ತೆ, ತೂಬು ದೊಡ್ಡದಾಗುತ್ತೆ, ನಮ್ಮ ತನಕ ಬರೋ ಹೊತ್ತಿಗೆ ಹೂಳು, ಕಸ ಮತ್ತು ಒಂದಡಿ ನೀರು. ಬರದ ವರ್ಷ ಈ ಜಗಳ ಬೀದಿಗೆ ಬರುತ್ತೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತಲ್ಲ, ಆಗ ನಾಲೆಗೆ ನೂರು ದಿನ ಸತತ ನೀರು ಬಿಡ್ತೀವಿ ಅಂತ ಮೊದಲು ಹೇಳಿ ಆಮೇಲೆ ನಡುನಡುವೆ ನಿಲ್ಲಿಸಿ ಬಿಡ್ತೀವಿ ಅಂದ್ರು. ಭತ್ತ ನಾಟಿ ಮಾಡಿ ಕೂತಿದ್ದ ಕೊನೇ ಭಾಗದ ರೈತರು ಟ್ರ್ಯಾಕ್ಟರ್ ಸಮೇತ ರಸ್ತೆಗಿಳಿದ್ರು, ಊರು ಬಂದ್ ಆಯ್ತು. 2025ರ ಜೂನಲ್ಲಿ ಮತ್ತೆ, ಈ ಸಲ ತರೀಕೆರೆ, ಹೊಸದುರ್ಗ ಕಡೆ ಕುಡಿಯೋ ನೀರಿಗೆ ಅಂತ ಡ್ಯಾಂ ಹತ್ರ ಬಲದಂಡೆ ನಾಲೆ ಸೀಳಿದ್ದಕ್ಕೆ. ಹೊಸದುರ್ಗದೋರಿಗೂ ಬಾಯಾರಿಕೆ ಇದೆ, ಅವರು ನಮ್ಮ ನೀರು ಕದೀತಿದ್ದಾರೆ ಅನ್ನೋ ಮಾತು ನನಗೆ ಸರಿ ಕಾಣಲ್ಲ. ಆದ್ರೆ ಮೇಲೆ ಹೊಸ ಹೊಸ ಬೇಡಿಕೆ ಕೂಡಿಸ್ತಾ ಹೋಗಿ ಕೊನೇ ಭಾಗದೋರಿಗೆ ಎಷ್ಟು ಉಳಿಯುತ್ತೆ ಅನ್ನೋ ಲೆಕ್ಕಾನ ಎದುರು ಕೂತು ಯಾರೂ ಹೇಳ್ದೇ ಇರೋದು ತಪ್ಪು. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 29.9 ಟಿಎಂಸಿ ಹಂಚಿಕೆ ಇದೆ, ಚಿತ್ರದುರ್ಗ, ತುಮಕೂರಿನ ಒಣಭೂಮಿಗೆ ಅದು ಬೇಕೇ ಬೇಕು, 2023ರ ಕೇಂದ್ರ ಬಜೆಟ್ಟಲ್ಲಿ 5,300 ಕೋಟಿ ಘೋಷಣೆನೂ ಆಯ್ತು. ಅದು ಪೂರ್ತಿ ಹರಿಯೋ ದಿನ ಬರೋ ಮೊದಲೇ ನಮ್ಮ ಕಡೆ ಭತ್ತ ಎಷ್ಟು, ಅಡಿಕೆ ಎಷ್ಟು ಅಂತ ಮಾತಾಡ್ಕೋಬೇಕು.

ಪೇಟೆಯೋರಿಗೂ ಇದು ಸಂಬಂಧ ಇಲ್ಲದ ವಿಷಯ ಅಲ್ಲ. ನಗರಕ್ಕೆ ಕುಡಿಯೋ ನೀರು ಬರೋದು ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆ, ಮತ್ತೆ ಹರಿಹರದ ಹತ್ರ ರಾಜನಹಳ್ಳಿಯಿಂದ ತುಂಗಭದ್ರೆ ನೀರು. ಆ ಎರಡೂ ಕೆರೆ ತುಂಬೋದು ಅದೇ ಭದ್ರಾ ಚಾನಲ್ಲಿಂದ. ಬೇಸಿಗೇಲಿ ನದಿ ಇಳಿದು ಚಾನಲ್ಲೂ ನಿಂತ್ರೆ ಎಂಸಿಸಿ ಬ್ಲಾಕಿನ ಡಾಕ್ಟರ್ ಮನೆಗೂ ನಿಟುವಳ್ಳಿ ಬಾಡಿಗೆ ಮನೆಗೂ ಒಂದೇ ಗತಿ, ಟ್ಯಾಂಕರ್. ಇನ್ನು ಮಳೆ ಜೋರಾದ್ರೆ ಉಲ್ಟಾ, ರೈಲ್ವೆ ಅಂಡರ್‌ಪಾಸುಗಳಲ್ಲಿ ನೀರು ನಿಂತು ಊರು ಎರಡು ಹೋಳಾಗುತ್ತೆ. ರೈಲು ಹಳಿ ಊರ ನಟ್ಟನಡುವೆ ಹೋಗಿರೋದು, ಅಶೋಕ ರಸ್ತೆ ಗೇಟಲ್ಲಿ ಕಾದು ಕಾದು ಎಷ್ಟು ತಲೆಮಾರು ಕಳೀತೋ.

ಮೆಕ್ಕೆಜೋಳದ ಕಥೆ ಇದಕ್ಕೇ ಅಂಟಿಕೊಂಡಿದೆ. ಚಾನಲ್ ನೀರು ಸಿಗದ ಹೊಲಕ್ಕೆ ಅದು ಹೇಳಿ ಮಾಡಿಸಿದ ಬೆಳೆ, ಮಳೆ ಆಶ್ರಯದಲ್ಲೇ ಬರುತ್ತೆ, ಕೂಲಿ ಕಡಿಮೆ, ಹತ್ತಿಯಷ್ಟು ಔಷಧಿ ಬೇಡ, ದನಕ್ಕೆ ಸಪ್ಪೆ ಸಿಗುತ್ತೆ. ಜಿಲ್ಲೇಲಿ ಲಕ್ಷ ಹೆಕ್ಟೇರಿಗೂ ಮೇಲೆ ಬಿತ್ತನೆ ಆಗುತ್ತೆ, ಸುಗ್ಗಿಲಿ ಎಪಿಎಂಸಿ ಅಂಗಳ ಪೂರ್ತಿ ಹಳದಿ. ಆದ್ರೆ ಎಲ್ಲರೂ ಒಂದೇ ಬೆಳೆ ಹಾಕಿದ್ರೆ ಎಲ್ಲರದೂ ಒಂದೇ ವಾರ ಮಾರ್ಕೆಟ್ಟಿಗೆ ಬರುತ್ತೆ. 2025ರ ನವೆಂಬರಲ್ಲಿ ಆಗಿದ್ದು ಅದೇ. ಬೆಂಬಲ ಬೆಲೆ ಕ್ವಿಂಟಲಿಗೆ 2,400 ಅಂತ ಕಾಗದದಲ್ಲಿ ಇದ್ರೆ ಮಾರ್ಕೆಟ್ಟಲ್ಲಿ 1,600ರಿಂದ 1,800, ಹಾವೇರಿ, ಗದಗ, ದಾವಣಗೆರೆ ಎಲ್ಲಾ ಕಡೆ ಹೋರಾಟ. ಮುಖ್ಯಮಂತ್ರಿ ಪ್ರಧಾನಿಗೆ ಪತ್ರ ಬರೆದ್ರು, ಡಿಸ್ಟಿಲರಿಗಳಿಂದ, ಪಶು ಆಹಾರ ಘಟಕಗಳಿಂದ ಕೊಳ್ಳಿಸೋ ಮಾತಾಯ್ತು. ನಮ್ಮ ಹಳ್ಳಿ ಮಾವ ಒಬ್ರು ಆ ವರ್ಷ ಒದ್ದೆ ಜೋಳ ತಂದು ತೇವಾಂಶ ಜಾಸ್ತಿ ಅಂತ ಇನ್ನೂ ಕಡಿಮೆ ರೇಟಿಗೆ ಕೊಟ್ಟು ಬಂದ್ರು. ಒಣಗಿಸೋಕೆ ಜಾಗ ಇಲ್ಲ, ರಸ್ತೆ ಮೇಲೆ ಹರಡಿದ್ರೆ ಮಳೆ, ಮನೇಲಿ ಇಟ್ಟರೆ ಬೂಷ್ಟು. ಹಿಡಿದಿಟ್ಟುಕೊಳ್ಳೋಕೆ ಆಗ್ದಿರೋನು ಯಾವ ರೇಟು ಕೇಳಿದ್ರೂ ಕೊಡಬೇಕು.

ಇಷ್ಟು ಜೋಳದಿಂದ ಏನೇನಾಗುತ್ತೆ ನೋಡಿ: ಸ್ಟಾರ್ಚು, ಗ್ಲೂಕೋಸು, ಕೋಳಿ ಆಹಾರ, ಎಥೆನಾಲು, ಬಿಸ್ಕತ್ತಿಗೆ ಹೋಗೋ ಸಿರಪ್ಪು, ಔಷಧಿ ಮಾತ್ರೆಗೆ ಬೇಕಾಗೋ ಪುಡಿ. ಊರಲ್ಲಿ ಕೆಮಿಕಲ್ ಇಂಜಿನಿಯರಿಂಗ್ ಓದಿದೋರಿದ್ದಾರೆ, ಬಯೋಟೆಕ್ನಾಲಜಿ ಓದಿದೋರಿದ್ದಾರೆ, ಫಾರ್ಮಸಿ ಓದಿದೋರಿದ್ದಾರೆ, ವಿಶ್ವವಿದ್ಯಾಲಯ ಇದೆ, ಜೋಳ ಅಂತೂ ಗುಡ್ಡೆ ಗುಡ್ಡೆ ಇದೆ. ಹತ್ತಿ ಇದೆ, ನೂಲು ಯಾಕೆ ಇಲ್ಲೇ ತೆಗೀಬಾರ್ದು ಅಂತ ಒಂದು ಕಾಲದಲ್ಲಿ ಕೇಳಿಕೊಂಡ ಪ್ರಶ್ನೆನ ಈಗ ಜೋಳದ ಬಗ್ಗೆ ಕೇಳಬೇಕು ಅನ್ನೋದೇ ನನ್ನ ವಾದ. ದೊಡ್ಡ ಫ್ಯಾಕ್ಟರಿಗಿಂತ ಮೊದಲು ಬೇಕಿರೋದು ಸಣ್ಣದು, ಹೋಬಳಿಗೊಂದು ಡ್ರೈಯರ್ ಇರೋ ಗೋದಾಮು, ಅಲ್ಲಿ ಜೋಳ ಇಟ್ಟ ರಸೀದಿ ಮೇಲೆ ಸಾಲ. ಕಾಲೇಜುಗಳ ಪ್ರಾಜೆಕ್ಟಿಗೆ ಇದಕ್ಕಿಂತ ಒಳ್ಳೇ ವಿಷಯ ಯಾವುದಿದೆ? ಕೊನೇ ವರ್ಷದ ಹುಡುಗ್ರು ಎಲ್ಲಿಂದಲೋ ದುಡ್ಡು ಕೊಟ್ಟು ರೆಡಿಮೇಡ್ ಪ್ರಾಜೆಕ್ಟ್ ತರೋ ಬದಲು ಎಪಿಎಂಸಿ ಅಂಗಳದಲ್ಲಿ ಒಂದು ತಿಂಗಳು ನಿಲ್ಲಲಿ.

ಊರಲ್ಲೇ ಬೆಳೆದದ್ದನ್ನ ಊರಲ್ಲೇ ಪದಾರ್ಥ ಮಾಡಿ ಹೆಸರು ಗಳಿಸಿದ್ದು ಇಲ್ಲ ಅಂತಲ್ಲ. ಮಂಡಕ್ಕಿ ಇದೆ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿ, ಕಾದ ಮರಳಲ್ಲಿ ಹುರಿದು ಅರಳಿಸೋ ಭಟ್ಟಿಗಳು ಈ ಊರಲ್ಲಿ ಎಷ್ಟೋ ಕುಟುಂಬಗಳಿಗೆ, ಅದರಲ್ಲೂ ಹೆಚ್ಚಾಗಿ ಬಡ ಮುಸ್ಲಿಂ ಕುಟುಂಬಗಳಿಗೆ ಅನ್ನ ಹಾಕಿವೆ. ಒಲೆಗೆ ಹಳೇ ಟಯರು, ರಬ್ಬರ್ ತುಂಡು ಹಾಕಿ ಸುಡ್ತಿದ್ದ ಕಾಲಕ್ಕೆ ಆ ಬೀದೀಲಿ ಉಸಿರಾಡೋದೇ ಕಷ್ಟ ಇತ್ತು, ಮಕ್ಕಳೂ ಅಲ್ಲೇ ಕೆಲಸ ಮಾಡ್ತಿದ್ರು. ಸ್ಮಾರ್ಟ್ ಸಿಟಿ ಯೋಜನೆ ಬರೆದಾಗ ಮಂಡಕ್ಕಿ ಭಟ್ಟಿ ಪ್ರದೇಶ ಸುಧಾರಿಸ್ತೀವಿ ಅನ್ನೋದೂ ಅದರಲ್ಲಿತ್ತು, ಆ ಇಡೀ ಪಟ್ಟೀಲಿ ಊರಿನ ನಿಜವಾದ ಕಸುಬನ್ನ ಮುಟ್ಟಿದ ಮಾತು ಅದು ಅಂತ ನಾನು ತಿಳಿದಿದ್ದೀನಿ. ಸ್ಮಾರ್ಟ್ ಸಿಟಿ ಮಿಷನ್ ಅವಧಿ 2025ರ ಮಾರ್ಚಿಗೆ ಮುಗೀತು. ರಸ್ತೆ, ಲೈಟು, ಪಾರ್ಕು ಕಣ್ಣಿಗೆ ಕಾಣುತ್ತೆ, ಹೊಗೆ ಇಲ್ಲದ ಒಲೆ, ಭಟ್ಟಿ ಕೆಲಸದೋರಿಗೆ ಆರೋಗ್ಯ ತಪಾಸಣೆ, ಪ್ಯಾಕ್ ಮಾಡಿ ಬ್ರ್ಯಾಂಡ್ ಮಾಡೋ ಸಹಕಾರ ಸಂಘ ಇವೆಲ್ಲ ಪ್ರತಿ ಭಟ್ಟಿಗೂ ಮುಟ್ಟೋವರೆಗೆ ಆ ಕೆಲಸ ಮುಗೀತು ಅಂತ ನಾನಂತೂ ಒಪ್ಪಲ್ಲ. ಬೆಣ್ಣೆದೋಸೆದೂ ಹಾಗೇ. ದಾವಣಗೆರೆ ಅಂತ ಬೋರ್ಡ್ ಹಾಕ್ಕೊಂಡ ಹೋಟ್ಲುಗಳು ಬೆಂಗಳೂರಿನ ಬೀದಿಬೀದಿಲಿ ಇವೆ, ಆದ್ರೆ ಆ ಹೆಸರಿನ ಬೆಣ್ಣೆ, ಮಂಡಕ್ಕಿ, ಅಕ್ಕಿ ಎಷ್ಟು ಇಲ್ಲಿಂದ ಹೋಗುತ್ತೆ?

ಮುಂದಿನ ಕೆಲವು ವರ್ಷದಲ್ಲಿ ತುಮಕೂರು-ಚಿತ್ರದುರ್ಗ-ದಾವಣಗೆರೆ ನೇರ ರೈಲು ಮಾರ್ಗ ಮುಗಿದ್ರೆ ಬೆಂಗಳೂರು ಇನ್ನೂ ಹತ್ರ ಆಗುತ್ತೆ. ಎಲ್ಲರೂ ಖುಷಿಲಿ ಕಾಯ್ತಿದ್ದಾರೆ, ನಾನೂ ಕಾಯ್ತಿದೀನಿ. ಆದ್ರೆ ರೈಲು ಎರಡೂ ಕಡೆ ಓಡುತ್ತೆ. ಇಲ್ಲಿ ಕೆಲಸ ಇದ್ರೆ ಕಂಪನಿ ಬರುತ್ತೆ, ಇಲ್ಲದಿದ್ರೆ ಹುಡುಗ್ರು ಇನ್ನೂ ಬೇಗ ಹೋಗ್ತಾರೆ.

ಹದಡಿ ರಸ್ತೆ ಕಡೆ ಪಿಜಿ ನಡೆಸೋ ಪರಿಚಯದ ಅಣ್ಣ ಒಬ್ರಿದ್ದಾರೆ, ಮೊದಲು ಭತ್ತದ ಗದ್ದೆ ಮಾಡ್ತಿದ್ರು, ಈಗಲೂ ಮಲೇಬೆನ್ನೂರು ಕಡೆ ಎರಡೆಕರೆ ಇದೆ. ಹೋದ ಸಲ ಮಾತಾಡ್ವಾಗ ಮೊಬೈಲ್ ತೆಗೆದು ತೋರಿಸಿದ್ರು. ಒಂದು ವಾಟ್ಸಾಪ್ ಗ್ರೂಪಲ್ಲಿ ದಿನಾ ಬೆಳಗ್ಗೆ ಭದ್ರಾ ಡ್ಯಾಂ ಲೆವೆಲ್ ಬರುತ್ತೆ, ಒಳಹರಿವು ಎಷ್ಟು ಹೊರಹರಿವು ಎಷ್ಟು ಅಂತ. ಇನ್ನೊಂದರಲ್ಲಿ ಸಿಇಟಿ ಕೌನ್ಸೆಲಿಂಗ್ ಕಟಾಫ್. "ನೋಡಪ್ಪ, ಜುಲೈ ತಿಂಗಳಲ್ಲಿ ನಾನು ಇವೆರಡೇ ನೋಡೋದು" ಅಂದ್ರು. "ಡ್ಯಾಂ ತುಂಬಿದ್ರೆ ಹಳ್ಳಿ ರೈತ ಮಗಳ ಫೀಸು ಕಟ್ತಾನೆ, ಕಟಾಫ್ ನಮ್ಮೂರ ತನಕ ಇಳಿದ್ರೆ ಆ ಹುಡುಗಿ ನಮ್ಮ ರೂಮಿಗೆ ಬರ್ತಾಳೆ. ಎರಡರಲ್ಲಿ ಒಂದು ಕೈಕೊಟ್ರೂ ಮೇಲಿನ ಮಹಡಿ ಖಾಲಿ." ಮೇಲಿನ ಮಹಡಿಲಿ ಎಂಟು ರೂಮಿವೆ. ನಾನು ಹೋದ ದಿನ ಮೂರಕ್ಕೆ ಬೀಗ ಹಾಕಿತ್ತು.